ಕಾಜದಕ್ಕನ ಸಮಪಾಲು

ಅಂಗಿಗೆ ಕಾಜ ಹೊಲಿಯುವುದು ಏನು ಮಹಾ ವಿದ್ಯೆ ಎಂದು ಕಾಜದಕ್ಕನ ಎದುರು ಹೇಳಿ ಬಚಾವಾದವರು ಯಾರೂ ಇಲ್ಲ. "ಹೌದಪ್ಪಾ, ಬರೀ ಒಂದು ತೂತು. ಆ ತೂತಿಲ್ದೆ ಎದೆ ತೋರಿಸ್ಕೊಂಡು ಆಫೀಸಿಗೆ ಹೋಗು, ಹೋಗು," ಎಂದು ಅಂಗಿಯನ್ನು ಅವರ ಮೇಲೇ ಎಸೆಯುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ದಾರವನ್ನು ಒತ್ತೊತ್ತಾಗಿ ಗಂಟು ಬಿಗಿಯುತ್ತಾ ಬರಬೇಕು. ಒಂದು ಗಂಟು ಸಡಿಲವಾಯಿತೋ, ನಾಲ್ಕು ಒಗೆತಕ್ಕೆ ಕಾಜ ಬಾಯಿ ಬಿಡುತ್ತದೆ. ಅವಳ ಕಾಜ ಬಾಯಿ ಬಿಟ್ಟದ್ದನ್ನು ಕಂಡವರಿರಲಿಲ್ಲ. ಅಂಗಿ ಹರಿದು ನೆಲ ಒರೆಸುವ ಅರಿವೆಯಾದ ಮೇಲೂ ಕಾಜ ಮಾತ್ರ ಕಲ್ಲಿನ ಹಾಗೆ ಕೂತಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯಿಂದ ಕಲಿತ ಕೆಲಸ ಅದು. ಈಗ ಅವಳ ನಿಜವಾದ ಹೆಸರು ಕೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಕಾಜದಕ್ಕ ಎಂದರೆ ಸೀದಾ ಮನೆ ಬಾಗಿಲಿಗೇ ತಂದು ಬಿಡುತ್ತಾರೆ.

ಆ ಮನೆಗೆ ಎರಡು ಅಂತಸ್ತು. ಕೆಳಗೆ ಕಾಜದಕ್ಕ ಮತ್ತು ಅವಳ ಗಂಡ. ಅವನು ಮೂಲೆಯ ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಾನೆ, 'ಹೂಂ' ಎನ್ನುವುದಕ್ಕಿಂತ ಹೆಚ್ಚಿನ ಮಾತು ಖರ್ಚು ಮಾಡುವವನಲ್ಲ. ಮೇಲೆ ಅವಳ ಓರಗಿತ್ತಿ, ಎಂದರೆ ಮೈದುನನ ಹೆಂಡತಿ. ಮೈದುನ ಬಸ್ ಡ್ರೈವರು, ಬೆಳಕು ಹರಿಯುವ ಮೊದಲೇ ಡಿಪೋ ಸೇರಿರುತ್ತಾನೆ. ಓರಗಿತ್ತಿ ಈ ಮನೆ ಹೊಕ್ಕಾಗ ಸಣ್ಣ ಹುಡುಗಿ, ಹಾಗಾಗಿ ಕಾಜದಕ್ಕ 'ಏ ಹುಡುಗಿ' ಎಂದೇ ಕರೆದಳು. ಹುಡುಗಿಗೆ ಐವತ್ತಾಯಿತು, ತಲೆ ನರೆಯಿತು, ಕರೆಯುವುದು ಮಾತ್ರ ಬದಲಾಗಲಿಲ್ಲ.

ಅತ್ತೆ ಬದುಕಿದ್ದಾಗ ಮನೆಗೊಂದು ಕಾನೂನು ಮಾಡಿಟ್ಟಿದ್ದಳು. ಏನೇ ಬರಲಿ, ಎರಡು ಸಮಪಾಲು. ಸಾಬೂನಿನ ಗಟ್ಟಿಯನ್ನು ಕಾಜದ ದಾರ ಹಿಡಿದು ಅಳೆದು, ಅದೇ ದಾರದಿಂದ ಕೊಯ್ದು ಎರಡು ಮಾಡುತ್ತಿದ್ದಳು. ಎಣ್ಣೆ ಬಂದರೆ ಎರಡು ಬಾಟಲಿಗೆ ಸುರಿದು, ದಾರಕ್ಕೆ ಗಂಟು ಹಾಕಿ ಮಟ್ಟ ನೋಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ದಾರ ಕಾಜದಕ್ಕನ ಕೈಗೆ ಬಂತು. "ನಿಂದು ಒಂದು ಕೂದಲು ಹೆಚ್ಚಾಯ್ತು," ಎಂದು ಹುಡುಗಿ, "ನಿನ್ನ ಕಣ್ಣಿಗೆ ಕನ್ನಡಕ ಬೇಕು," ಎಂದು ಇವಳು. ಹೀಗೆ ಇಬ್ಬರೂ ವರ್ಷಗಟ್ಟಲೆ ಜಗಳ ಆಡಿದರು, ಪಾಲು ಮಾತ್ರ ತಪ್ಪಿಸಲಿಲ್ಲ.

ಸಾಲದ್ದಕ್ಕೆ ರೋಗವೂ ಪಾಲಾಗಿಯೇ ಬಂತು. ಸಂಧಿವಾತ. ಕಾಜದಕ್ಕನಿಗೆ ಬೆರಳಿನ ಗೆಣ್ಣುಗಳಲ್ಲಿ, ಹುಡುಗಿಗೆ ಮಂಡಿಗಳಲ್ಲಿ. ಬೆಳಗ್ಗೆ ಎದ್ದರೆ ಕಾಜದಕ್ಕನ ಮುಷ್ಟಿ ಮುಚ್ಚುತ್ತಿರಲಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂತರೆ ಬೆರಳುಗಳು ಒಲ್ಲದ ಮನಸ್ಸಿನಿಂದ ಮಡಚಿಕೊಳ್ಳುತ್ತಿದ್ದವು. ಹಾಗೆ ಕೂತಿರುವಾಗಲೇ ಮೇಲಿನಿಂದ ಸದ್ದು ಶುರುವಾಗುತ್ತಿತ್ತು. ಧಪ್. ಸ್ವಲ್ಪ ಹೊತ್ತು ಬಿಟ್ಟು, ಧಪ್. ಬಚ್ಚಲು ಇರುವುದು ಕೆಳಗೆ. ನಿಂತು ಇಳಿಯಲು ಮಂಡಿ ಒಪ್ಪದ ಹುಡುಗಿ ಒಂದೊಂದೇ ಮೆಟ್ಟಿಲಿನ ಮೇಲೆ ಕುಂಡಿಯೂರಿ ಮಗುವಿನ ಹಾಗೆ ಇಳಿಯುತ್ತಿದ್ದಳು.

"ಕೆಳಗೆ ಬಂದು ಇರೇ, ನಾನು ಮೇಲೆ ಹೋಗ್ತೀನಿ," ಎಂದು ಕಾಜದಕ್ಕ ಎಷ್ಟೋ ಸಲ ಹೇಳಿದ್ದಳು.

"ಅತ್ತೆ ಕೊಟ್ಟ ಪಾಲು ಅದು. ಗಾಳಿ ಬರೋ ಮನೆ ನಿನಗೆ ಬಿಟ್ಕೊಟ್ಟು ನಾನು ಈ ಗೂಡಲ್ಲಿ ಇರ್ಲಾ? ಸತ್ರೂ ಇಲ್ಲ," ಎಂದು ಹುಡುಗಿ ಮೂಗು ಮುರಿಯುತ್ತಿದ್ದಳು. ಆಮೇಲೆ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ಇವಳು ನೋಡಿಯೂ ನೋಡದಂತೆ ಇರುತ್ತಿದ್ದಳು.

ಒಂದು ದಿನ ಕಾಜದಕ್ಕ ಮರೆತ ಕತ್ತರಿ ತರಲೆಂದು ಮಧ್ಯಾಹ್ನ, ತಾನೂ ಕಾಜ ಹೊಲಿಯುವ ಆ ಟೈಲರ್ ಅಂಗಡಿಗೆ ವಾಪಸು ಹೋದಳು. ಟೈಲರ್ ಮಾಸ್ಟರ್ ಕಿಟಕಿಗೆ ಬೆನ್ನು ಹಾಕಿ ಕೂತು, ಅವಳು ಬೆಳಗ್ಗೆ ಹೊಲಿದಿಟ್ಟ ಕಾಜವನ್ನು ಬಿಚ್ಚಿ ತಾನೇ ಮತ್ತೆ ಹೊಲಿಯುತ್ತಿದ್ದ. ಅವಳನ್ನು ಕಂಡದ್ದೇ ಅಂಗಿಯನ್ನು ಮೊಣಕಾಲ ಕೆಳಗೆ ತುರುಕಿದ.

"ಏನಿಲ್ಲ ಅಕ್ಕ, ಸ್ವಲ್ಪ ಅಳತೆ ನೋಡ್ತಿದ್ದೆ."

ಬಾಯಿಯಿದ್ದವಳು ಎಂದು ಹೆಸರು ಪಡೆದ ಹೆಂಗಸು ಅವತ್ತು ಕತ್ತರಿಯನ್ನೂ ಎತ್ತಿಕೊಳ್ಳದೆ ತಿರುಗಿದಳು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುಚ್ಚಿಟ್ಟನಲ್ಲ, ಅದು ಅವಳ ಎದೆಗೆ ನಾಟಿತು.

ಮರುವಾರವೇ ಇಬ್ಬರೂ ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದರು. ಅಲ್ಲೊಬ್ಬ ಡಾಕ್ಟರಮ್ಮ ಸಂಧಿವಾತಕ್ಕೆ ಒಂದು ಬಳ್ಳಿಯ ಬೇರಿನ ಸಾರ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ ನಡೆಸುತ್ತಿದ್ದಳು. ಬಳ್ಳಿಯ ಚಿತ್ರ ತೋರಿಸಿದಾಗ ಕಾಜದಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದು ನಮ್ಮ ಹಿತ್ತಲ ಗೋಡೆ ಮೇಲಿರೋದಲ್ವಾ? ಪೀಡೆ ಅಂತ ಪ್ರತಿ ಸಲ ಕಿತ್ತು ಬಿಸಾಕ್ತೀನಿ!"

"ಕೀಳ್ಬೇಡಿ. ಹಾಗಂತ ಜಜ್ಜಿ ಕುಡೀಲೂ ಬೇಡಿ," ಎಂದು ಡಾಕ್ಟರಮ್ಮ ನಕ್ಕಳು. ಆಮೇಲೆ ಗಂಭೀರವಾಗಿ ಕೂತು ವಿವರಿಸಿದಳು. ಬಂದವರಲ್ಲಿ ಅರ್ಧ ಮಂದಿಗೆ ಬೇರಿನ ಸಾರ, ಇನ್ನರ್ಧಕ್ಕೆ ಅದೇ ಬಣ್ಣ, ಅದೇ ಕಹಿಯ ಬರೀ ನೀರು. ಯಾರಿಗೆ ಯಾವುದು ಎಂಬುದನ್ನು ಬೇರೆ ಕಡೆ ಬೀಗ ಹಾಕಿ ಇಟ್ಟಿದ್ದಾರೆ. ದಿನದ ಮಾತ್ರೆಗಳನ್ನು ಯಾರೂ ಬಿಡಬಾರದು. ಮೂರು ತಿಂಗಳು ಕುಡಿಯಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು.

"ನಿಮಗೂ ಗೊತ್ತಿರಲ್ವಾ?" ಕಾಜದಕ್ಕನಿಗೆ ನಂಬಿಕೆ ಬರಲಿಲ್ಲ.

"ಇಲ್ಲಮ್ಮ. ಗೊತ್ತಿದ್ರೆ ಒಳ್ಳೆ ಔಷಧಿ ಕುಡಿದವರ ಕೈ ನನ್ನ ಕಣ್ಣಿಗೆ ಚೆನ್ನಾಗೇ ಕಾಣ್ಸುತ್ತೆ. ಮನಸ್ಸು ಮೋಸ ಮಾಡುತ್ತೆ."

ಪರೀಕ್ಷೆಗೆ ಅಲ್ಲೊಂದು ಹಲಗೆ ಇತ್ತು. ಅದಕ್ಕೆ ಬಟ್ಟೆಯ ಎರಡು ಪಟ್ಟಿ ಹೊಡೆದು ಒಂದಕ್ಕೆ ಗುಂಡಿ, ಇನ್ನೊಂದಕ್ಕೆ ಕಾಜ ಮಾಡಿದ್ದರು. ಎಷ್ಟು ಬೇಗ ಗುಂಡಿ ಹಾಕುತ್ತೀರಿ ನೋಡೋಣ ಎಂದರು. ಕಾಜದಕ್ಕ ಗುಂಡಿ ಮುಟ್ಟುವ ಮೊದಲು ಕಾಜ ನೋಡಿದಳು. "ಇದನ್ನ ಕಾಜ ಅಂತಾರಾ? ಇಲಿ ಕಡಿದ ಹಾಗಿದೆ!" ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕಳು. ಆದರೆ ಆ ಇಲಿ ಕಡಿದ ತೂತಿಗೂ ಗುಂಡಿ ತೂರಿಸಲು ಕಾಜದಕ್ಕನ ಬೆರಳಿಗೆ ಆಗಲಿಲ್ಲ. ಹುಡುಗಿಯನ್ನು ಕಾರಿಡಾರಿನ ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದರು. ಅವಳು ಎರಡನೇ ಮೆಟ್ಟಿಲಲ್ಲೇ ಕಂಬಿ ತಬ್ಬಿಕೊಂಡು ನಿಂತಳು.

ಕಂದು ಬಾಟಲಿಗಳು ಮನೆಗೆ ಬಂದವು. ಬೆಳಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ. ಅಬ್ಬಾ, ಆ ಕಹಿ! ನಾಲಿಗೆ ಮಾತ್ರವಲ್ಲ, ಕಿವಿಯವರೆಗೂ ಕಹಿ. ಇಬ್ಬರೂ ಮುಖ ಹಿಂಡಿಕೊಂಡು ಕುಡಿದರು.

ಕೆಲವು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಕಾಜದಕ್ಕನ ಸೂಜಿ ನೆಲಕ್ಕೆ ಬಿತ್ತು. ಎಂದಿನಂತೆ ಗಂಡನನ್ನು ಕೂಗಬೇಕೆನ್ನುವಷ್ಟರಲ್ಲಿ ಕೈ ತಾನಾಗಿ ಕೆಳಗೆ ಹೋಯಿತು, ಸೂಜಿಯನ್ನು ಹೆಕ್ಕಿ ಮೇಲೆ ತಂದಿತು. ಅವಳು ಸೂಜಿ ನೋಡಿದಳು, ಬೆರಳು ನೋಡಿದಳು. ಬೇಕೆಂದೇ ಮತ್ತೊಮ್ಮೆ ಬೀಳಿಸಿ ಮತ್ತೊಮ್ಮೆ ಹೆಕ್ಕಿದಳು. ಇಸ್ತ್ರಿಯವನು ಬಾಗಿಲಲ್ಲಿ ನಿಂತು ನೋಡಿ "ಹೂಂ!" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ಧಪ್. ಧಪ್.

ಕಾಜದಕ್ಕ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಹುಡುಗಿ ಕೆಳಗೆ ಬಂದು ಗೋಡೆ ಹಿಡಿದು ಎದ್ದು, "ನಿಂದು ನೋವು ಏನಾದ್ರೂ ಇಳೀತಾ ಅಕ್ಕಾ?" ಎಂದಳು.

"ಎಲ್ಲಿ ಇಳೀತು, ಸುಡುಗಾಡು," ಎಂದಳು ಕಾಜದಕ್ಕ. ಹುಡುಗಿಯ ಮುಂದೆ ಡಬ್ಬಿಯ ಮುಚ್ಚಳ ತೆಗೆಯಲಾರದವಳ ಹಾಗೆ ಒದ್ದಾಡಿದಳು, "ಅಯ್ಯಮ್ಮಾ" ಎಂದು ನರಳಿದಳು. ಹುಡುಗಿಯೇ ಮುಚ್ಚಳ ತೆಗೆದುಕೊಟ್ಟಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆಗೆ ಆ ಔಷಧಿಗಿಂತ ಅದು ಕಹಿಯಾಗಿತ್ತು.

ಮೊದಲ ತಿಂಗಳ ತಪಾಸಣೆಯಲ್ಲಿ ಸುಳ್ಳು ನಡೆಯಲಿಲ್ಲ. ಹಲಗೆಯ ಗುಂಡಿಗಳನ್ನು ಕಾಜದಕ್ಕ ಪಟಪಟ ಹಾಕಿಬಿಟ್ಟಳು. ಡಾಕ್ಟರಮ್ಮನ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಚಪ್ಪಾಳೆ ತಟ್ಟಿದಳು. "ಕಳ್ಳಿ! ನನ್ನ ಹತ್ರ ಮುಚ್ಚಿಟ್ಟಿದ್ಯಲ್ಲ?" ಎಂದು ನಕ್ಕಳು. ಆಮೇಲೆ ತನ್ನ ಸರದಿಗೆ ಎದ್ದು ಹೋಗಿ ಅದೇ ಎರಡನೇ ಮೆಟ್ಟಿಲಲ್ಲಿ ಕಂಬಿ ತಬ್ಬಿಕೊಂಡು ನಿಂತಳು. ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಜಗಳ ತೆಗೆಯಲಿಲ್ಲ, ಆಟೋದವನನ್ನೂ ಬೈಯಲಿಲ್ಲ. ಕಾಜದಕ್ಕನಿಗೆ ಭಯವಾದದ್ದು ಆಗ.

ಹೊಸ ಬಾಟಲಿ ಎರಡೂ ಇವಳ ಚೀಲದಲ್ಲೇ ಇದ್ದವು. ಹುಡುಗಿ ಮೆಟ್ಟಿಲು ಹತ್ತಿ ಮೇಲೆ ಸೇರಿದ ಮೇಲೆ ಕಾಜದಕ್ಕ ಅಡುಗೆಮನೆ ಬಾಗಿಲು ಮುಂದೆ ಮಾಡಿ, ಎರಡನ್ನೂ ಕಟ್ಟೆಯ ಮೇಲಿಟ್ಟು ದಿಟ್ಟಿಸಿದಳು. ನೋಡಲು ಅವಳಿಜವಳಿ. ಆದರೆ ಇದರಲ್ಲಿ ಬೇರು, ಅದರಲ್ಲಿ ನೀರು. ಒಂದೇ ಮನೆಯಲ್ಲಿ ಒಬ್ಬಳಿಗೆ ಔಷಧಿ, ಇನ್ನೊಬ್ಬಳಿಗೆ ಬರೀ ಕಹಿ! ಅತ್ತೆ ಇದ್ದಿದ್ದರೆ ಸುಮ್ಮನಿರುತ್ತಿದ್ದಳೇ?

ಪಾತ್ರೆ ತೊಳೆದು ಒರೆಸಿದಳು. ಎರಡೂ ಬಾಟಲಿಯನ್ನು ಅದಕ್ಕೆ ಸುರಿದು ಕದಡಿ, ಮತ್ತೆ ಎರಡಕ್ಕೂ ತುಂಬಿದಳು. ದಾರ ಹಿಡಿದು ಮಟ್ಟ ನೋಡಿದಳು. ಸರಿಯಾಗಿತ್ತು. ಕಾಜದಕ್ಕನಿಗೆ ನಿರಾಳವಾಯಿತು, ಏನೋ ದೊಡ್ಡ ನ್ಯಾಯ ತೀರಿಸಿದ ಹಾಗೆ.

ನಕ್ಕುಬಿಡಬೇಡಿ. ಆ ಮನೆಯಲ್ಲಿ ಬೆಳೆದ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

ದಿನಗಳು ಉರುಳಿದವು. ಕಾಜದಕ್ಕನ ಬೆರಳು ಮೆಲ್ಲಗೆ ಮತ್ತೆ ಬಿಗಿಯತೊಡಗಿತು, ಆದರೆ ಮೊದಲಿನಷ್ಟಲ್ಲ. ಮೇಲಿನ ಮಂಡಿಗಳು ಮೆಲ್ಲಗೆ ಸಡಿಲವಾದವು. ಒಂದು ಬೆಳಗ್ಗೆ ಧಪ್ ಧಪ್ ಎಂದು ಬರುತ್ತಿದ್ದ ಸದ್ದು ಕೊನೆಯ ಕೆಲವು ಮೆಟ್ಟಿಲು ಇರುವಾಗ ನಿಂತಿತು. ಕಾಜದಕ್ಕ ಇಣುಕಿದರೆ ಹುಡುಗಿ ಕಂಬಿ ಹಿಡಿದು ಎದ್ದು ನಿಂತಿದ್ದಳು. ಕಾಲಿಟ್ಟು, ತಡೆದು, ಕಾಲಿಟ್ಟು, ನಿಂತೇ ಇಳಿದಳು.

"ಅಕ್ಕಾ! ನೋಡ್ದೆಯಾ? ನಂಗೂ ಒಳ್ಳೆ ಔಷಧೀನೇ ಕಣೇ! ತಡವಾಗಿ ಹಿಡೀತು ಅಷ್ಟೇ!"

ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡೇ ಕಾಜದಕ್ಕ, "ನಿನ್ನ ಕೊಬ್ಬಿಳಿಸೋಕೆ ಅದಕ್ಕೂ ಟೈಮ್ ಬೇಕಲ್ಲ," ಎಂದಳು. ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷ.

ಎರಡನೇ ತಪಾಸಣೆಯ ದಿನ ಆ ಸಂತೋಷ ಜರ್ರನೆ ಇಳಿಯಿತು. ಡಾಕ್ಟರಮ್ಮ ಕಾಜದಕ್ಕನ ಗೆಣ್ಣುಗಳನ್ನು ಒತ್ತಿ ನೋಡಿದಳು, ಗುಂಡಿ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. ಮುಖ ಬಾಡಿತು.

"ತಪ್ಪದೆ ಕುಡಿದ್ರಾ ಅಮ್ಮಾ?"

"ಒಂದು ಹೊತ್ತೂ ಬಿಟ್ಟಿಲ್ಲ."

"ಹಾಗಾದ್ರೆ ಮೊದಲು ಇಳಿದು ಆಮೇಲೆ ತಿರುಗಿ ಬಂತು ಅಂತ ಬರೀಬೇಕು. ನಿಮ್ಮದು ಬೇರಿನ ಸಾರಾನೇ ಆಗಿದ್ದು, ಹೀಗೆ ಇನ್ನೂ ಕೆಲವರದ್ದು ಬಂದ್ರೆ ಈ ಬೇರು ಕೆಲಸಕ್ಕೆ ಬಾರದ್ದು ಅಂತ ಮುಚ್ಚಿಬಿಡ್ತಾರೆ." ಅವಳು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು. "ಎಷ್ಟು ವರ್ಷ ಇದರ ಹಿಂದೆ ಬಿದ್ದಿದ್ದೆ. ಇರ್ಲಿ, ಬಿಡಿ."

ಕಾಜದಕ್ಕ ಹಲಗೆಯಿಂದ ಕೈ ಹಿಂದಕ್ಕೆ ತೆಗೆದಳು. ಒಳ್ಳೆಯ ಔಷಧಿಗೆ ತಾನೇ ಕೆಟ್ಟ ಹೆಸರು ತಂದೆನೇ? ಹೊರಗಿನ ಬೆಂಚಿನಲ್ಲಿ ಸಾಲಾಗಿ ಕೂತವರನ್ನು ಕಂಡಳು. ಕೈ ಸೊಟ್ಟಗಾದವರು, ಕೋಲು ಊರಿದವರು, ಮಗಳ ಭುಜ ಹಿಡಿದು ಏಳುವವರು. ಹೇಳಿಬಿಡೋಣವೆಂದರೆ ಹುಡುಗಿಯ ಪಾಲು ನಿಂತುಹೋಗುತ್ತದೆ, ಮೆಟ್ಟಿಲ ಮೇಲಿನ ಆ ಸದ್ದು ಪೂರ್ತಿ ತಿರುಗಿ ಬರುತ್ತದೆ. ಹೇಳದೆ ಇದ್ದರೆ ಈ ಬೆಂಚಿನವರಿಗೆ ಔಷಧಿಯೇ ಇಲ್ಲ. ಕೊಟ್ಟ ಬಾಟಲಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಂದಳು. ಆದರೆ ಬೆರೆಸಲು ಕೈ ಏಳಲಿಲ್ಲ.

ಸಂಜೆ ಮೇಲೆ ಹತ್ತಿ ಹೋಗಿ, ಕಾಫಿ ಲೋಟ ಹಿಡಿದು ಕೂತಿದ್ದ ಹುಡುಗಿಗೆ ಎಲ್ಲವನ್ನೂ ಹೇಳಿದಳು.

ಹುಡುಗಿ ಕೆಂಡವಾದಳು. "ನನ್ನನ್ನ ಒಂದು ಮಾತು ಕೇಳ್ದೆ ನನ್ನ ಬಾಟ್ಲಿಗೆ ಕೈ ಹಾಕಿದ್ಯಾ? ಸಾಬೂನು ಅಂದ್ಕೊಂಡ್ಯಾ? ವಿಷ ಆಗಿದ್ರೆ?"

"ವಿಷ ಆಗಿದ್ರೆ ಇಬ್ರೂ ಅರ್ಧರ್ಧ ಸಾಯ್ತಿದ್ವಿ."

"ಹಲ್ಲು ಬಿಡಬೇಡ! ನಿನ್ನ ಕೈ ಮತ್ತೆ ಊದ್ಕೊಂಡಿದ್ದು ನನ್ನಿಂದ ಅಂತ ಈಗ ಹೇಳ್ತಿದ್ಯಲ್ಲ, ನಾನೇನು ಮಾಡ್ಲಿ? ಕಾಲು ವಾಪಸ್ ಕೊಡ್ಲಾ?" ಲೋಟ ಇಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಕಾಜದಕ್ಕನೂ ಅತ್ತಳು. ಆಮೇಲೆ ಹುಡುಗಿ ಮೂಗು ಒರೆಸಿಕೊಂಡು ಹೇಳಿದಳು, "ನಾಳೆ ಬೆಳಗ್ಗೇನೇ ಹೋಗೋಣ. ನೀನೊಬ್ಳೇ ಹೋಗಿ ಬೈಸ್ಕೋಬೇಡ. ಬೈಗುಳಾನೂ ಪಾಲು ಮಾಡ್ಕೊಳೋಣ."

ಡಾಕ್ಟರಮ್ಮ ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು. "ಅಲ್ಲಮ್ಮ, ಔಷಧೀನ ಸಕ್ಕರೆ ಥರ ಹಂಚ್ಕೋತಾರಾ?" ಎಂದು ಒಳ್ಳೆಯ ಮಂಗಳಾರತಿಯೇ ಮಾಡಿದಳು. ಓರಗಿತ್ತಿಯರು ತಲೆ ತಗ್ಗಿಸಿ ನಿಂತರು. ಕೋಪ ಇಳಿದ ಮೇಲೆ ಅವಳು ಯೋಚನೆಗೆ ಬಿದ್ದಳು. "ಬೆರೆಸೋಕೆ ಮುಂಚಿನ ಲೆಕ್ಕ ಉಳಿಯುತ್ತೆ. ಆಮೇಲಿನದ್ದು ಹೋಯ್ತು. ನಿಮ್ಮಿಬ್ಬರನ್ನೂ ಇಲ್ಲಿಗೆ ನಿಲ್ಲಿಸ್ಬೇಕು. ಬಾಟಲಿ ವಾಪಸ್ ಕೊಡಿ." ಹುಡುಗಿ ತನ್ನ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಆಮೇಲೆ ಬಿಟ್ಟಳು.

ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೆ ಬಂದಳು. "ಬೇರೆಯವರ ಮನೇಲೂ ಹೀಗೇ ಆಗಿದೆಯಾ ಅಂತ ಎಲ್ಲರನ್ನೂ ಕೇಳ್ತೀನಿ. ನೀವು ಬಂದು ಹೇಳದೆ ಇದ್ದಿದ್ರೆ ನನಗೆ ಹೊಳೀತಾನೇ ಇರ್ಲಿಲ್ಲ."

ಕೇಳಿದಳು. ಏನು ಹೇಳುವುದು! ಒಬ್ಬ ಗಂಡ ಹೆಂಡತಿಗೆ ದಿನಾ ಒಂದು ಮುಚ್ಚಳ ಕೊಡುತ್ತಿದ್ದ. ಒಬ್ಬಳು ಪಕ್ಕದ ಮನೆಯ ಅಜ್ಜಿಗೆ ಹಂಚುತ್ತಿದ್ದಳು. ಡಾಕ್ಟರಮ್ಮ ಅಂಥವರನ್ನೆಲ್ಲ ಬಿಟ್ಟು, ಒಂದು ಮನೆಗೆ ಒಬ್ಬರೇ ಎಂದು ನಿಯಮ ಮಾಡಿ, ಹೊಸಬರನ್ನು ಸೇರಿಸಿಕೊಂಡು ಮತ್ತೆ ಶುರುಮಾಡಿದಳು.

ಇತ್ತ ಮನೆಯಲ್ಲಿ ಸದ್ದು ತಿರುಗಿ ಬಂತು. ಮೊದಲು ಮೇಲಿನ ಮೆಟ್ಟಿಲುಗಳಲ್ಲಿ, ಆಮೇಲೆ ಕೊನೆಯವರೆಗೂ. ಧಪ್. ಧಪ್. ಕಾಜದಕ್ಕ ಹಲ್ಲು ಕಚ್ಚಿ ಕೇಳಿಸಿಕೊಂಡಳು. ಅಂಗಡಿಯಲ್ಲಿ ಮಾಸ್ಟರ್‌ಗೆ ತಾನೇ ಹೋಗಿ ಹೇಳಿದಳು. "ನನ್ನ ಕಾಜ ಬಿಚ್ಚಬೇಕಾದ್ರೆ ನನ್ನ ಎದುರಿಗೇ ಬಿಚ್ಚಪ್ಪಾ. ಕದ್ದು ಬಿಚ್ಚಿದ್ರೆ ನಿನ್ನ ಕತ್ತರೀನೇ ಎತ್ಕೊಂಡು ಹೋಗ್ತೀನಿ." ಅವನು ನಾಚಿಕೊಂಡ. ಕೈ ಬಗ್ಗಿದ ದಿನ ಕಾಜ, ಬಗ್ಗದ ದಿನ ಅಂಚು ಮಡಚುವ ಕೆಲಸ ಎಂದು ಇಬ್ಬರೂ ಮಾತಾಡಿಕೊಂಡರು. ಹಿತ್ತಲ ಗೋಡೆಯ ಬಳ್ಳಿಯನ್ನು ಅವಳು ಕೀಳಲಿಲ್ಲ. ಅದು ಕಿಟಕಿಯವರೆಗೂ ಹಬ್ಬಿತು. "ನೋಡೇ, ಒಳಗೆ ಇಣುಕ್ತಿದೆ," ಎಂದರೆ ಹುಡುಗಿ, "ಇಣುಕ್ಲಿ ಬಿಡು, ನಮಗಿಂತ ಮಾನ ಇದೆ ಅದಕ್ಕೆ, ಕರೆಯೋವರೆಗೂ ಕಾಯುತ್ತೆ," ಎನ್ನುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಯಾರಿಗೆ ಯಾವುದು ಎಂಬುದರ ಬೀಗ ತೆಗೆದಿದ್ದರು. ಇಬ್ಬರೂ ಮತ್ತೆ ಆಟೋ ಹಿಡಿದು ಹೋದರು.

"ಪವಾಡ ಅಂತ ತಿಳ್ಕೋಬೇಡಿ," ಎಂದಳು ಡಾಕ್ಟರಮ್ಮ. ಆದರೆ ಅವಳ ದನಿ ಕುಣಿಯುತ್ತಿತ್ತು. "ಬೇರಿನ ಸಾರ ಎಲ್ಲರಿಗೂ ಹಿಡಿದಿಲ್ಲ. ಆದ್ರೆ ಬರೀ ಕಹಿನೀರು ಕುಡಿದವರಿಗಿಂತ ಇದನ್ನ ಕುಡಿದವರಲ್ಲಿ ಹೆಚ್ಚು ಜನಕ್ಕೆ ಊತ ಇಳಿದಿದೆ. ಇನ್ನೂ ದೊಡ್ಡ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಅಲ್ಲೀವರೆಗೆ ಮೊದಲು ಇದ್ದವರಿಗೆಲ್ಲ ನನ್ನ ಕಣ್ಣೆದುರಿಗೇ ನಿಜವಾದದ್ದನ್ನೇ ಕೊಡಬಹುದು, ನಿಮ್ಮಿಬ್ಬರಿಗೂ." ಆಮೇಲೆ ಕಾಜದಕ್ಕನ ಕಡೆ ತಿರುಗಿದಳು. "ನಿಮ್ಮದು ಬೇರಿನ ಸಾರಾನೇ ಆಗಿತ್ತು. ಇವರದ್ದು ಬರೀ ಕಹಿನೀರು."

ಊಹಿಸಿದ್ದೇ ಆಗಿತ್ತು. ಆದರೂ ಬಾಯಿ ಬಿಟ್ಟು ಹೇಳಿದಾಗ ಹುಡುಗಿ ಕಾಜದಕ್ಕನ ಊದಿದ ಕೈಯನ್ನೇ ನೋಡುತ್ತಾ ಕೂತುಬಿಟ್ಟಳು. ಆಟೋ ಹತ್ತುವಾಗ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.

"ನಿನ್ನ ಕೆಲಸದ ಕೈ ಕೊಟ್ಟು ನನ್ನ ಕಾಲು ನೋಡ್ದೆಯಲ್ಲೇ ಅಕ್ಕಾ," ಎಂದಳು ಕೊನೆಗೆ.

"ನಿನ್ನ ಕಾಲು ಯಾರಿಗೆ ಬೇಕಾಗಿತ್ತು? ಬೆಳಗಾದ್ರೆ ಆ ಧಪ್ ಧಪ್ ಕೇಳಿ ನನ್ನ ಕರುಳು ಹಿಂಡೋದು," ಎಂದಳು ಕಾಜದಕ್ಕ, ಹೊರಗೆ ನೋಡುತ್ತಾ.

ಈ ಸಲ ಇಬ್ಬರಿಗೂ ಒಂದೇ ಬಗೆಯ ಬಾಟಲಿ. ವಾರಗಳು ಹೋದವು. ಕಾಜದಕ್ಕನಿಗೆ ಬಿಸಿನೀರಿನ ಪಾತ್ರೆ ಬೇಡವಾಯಿತು. ಡಾಕ್ಟರಮ್ಮನಿಂದ ಕೇಳಿ ಪಡೆದ ಹೊಸ ಬಟ್ಟೆಪಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗಿನ ಬಿಸಿಲಿಗೆ ಕಿಟಕಿಯಲ್ಲಿ ಕೂತಳು. ಆಸ್ಪತ್ರೆಯ ಹಲಗೆಗೆ ಇನ್ನಾದರೂ ಮಾನವಾದ ಕಾಜ ಇರಲಿ ಎಂದು ಹಟ ಹಿಡಿದಿದ್ದಳು. ಗಂಟಿನ ಪಕ್ಕ ಗಂಟು ಒತ್ತಾಗಿ ಬೀಳುತ್ತಿತ್ತು. ಬೆರಳಿನ ಹಳೆಯ ಓಟ ಪೂರ್ತಿ ಬಂದಿರಲಿಲ್ಲ, ಆದರೆ ಸೂಜಿ ಅವಳ ಮಾತು ಕೇಳುತ್ತಿತ್ತು.

ಅರ್ಧ ಕಾಜ ಆಗಿರಬೇಕು, ಅವಳ ಕೈ ನಿಂತಿತು. ಬಿಸಿಲು ಹೊಸಿಲು ದಾಟಿತ್ತು. ಮೆಟ್ಟಿಲ ಮೇಲೆ ಇನ್ನೂ ಸದ್ದಿಲ್ಲ. ಹುಡುಗಿ ಏಳಲಿಲ್ಲವೇ? ಜ್ವರವೇ? ಬಿದ್ದಳೇ? ಪಟ್ಟಿಯನ್ನು ಅಲ್ಲೇ ಬಿಸಾಕಿ ಬಾಗಿಲಿಗೆ ಓಡಿದಳು.

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ನೆಟ್ಟಗೆ. ಕಂಬಿ ಹಿಡಿಯಬೇಕಾದ ಕೈಯಲ್ಲಿ ತನ್ನ ಕಂದು ಬಾಟಲಿ ಹಿಡಿದಿದ್ದಳು.

"ಏನು ಹಾಗೆ ನೋಡ್ತೀಯಾ?" ಎಂದಳು. "ನಿನ್ನ ಬಾಟ್ಲಿ ತೆಗಿ, ದಾರ ಹಿಡಿ. ನಿಂಗೆ ಹೆಚ್ಚು ಕೊಟ್ಟಿದ್ದಾರೆ ಅಂತ ನನಗೆ ಅನುಮಾನ."